ಸೋಲಿನ ಲೆಕ್ಕ ಮೊದಲೇ ಸಿಕ್ಕಿತ್ತು

(ಲೇಖಕರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್)

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ ನಾನೂ ಎಲ್ಲರಂತೆ ಶಾಲೆಯ ನೆನಪುಗಳನ್ನು ಬರೆಯೋಣವೆಂದುಕೊಂಡೆ. ಹೆಂಚಿನ ಕೊಠಡಿ, ಮಳೆಗಾಲದಲ್ಲಿ ಬೆಂಚು ಸರಿಸಿಕೊಂಡು ಕೂರುತ್ತಿದ್ದುದು, ಆಗಸ್ಟ್ ಹದಿನೈದರ ಪ್ರಭಾತಫೇರಿ. ಅವನ್ನು ನನಗಿಂತ ಚೆನ್ನಾಗಿ ಬರೆಯುವವರು ಈ ಸಂಚಿಕೆಯಲ್ಲಿ ಇದ್ದೇ ಇರುತ್ತಾರೆ. ನನ್ನ ಮೇಲೆ ಒಂದು ಹಳೆಯ ಬಾಕಿಯಿದೆ. ಅದನ್ನು ಇಲ್ಲಿ ತೀರಿಸುತ್ತೇನೆ.

ಹತ್ತನೇ ತರಗತಿಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು ಎರಡನೇ ಮಹಾಯುದ್ಧದ ಪಾಠ ಮಾಡುತ್ತಿದ್ದರು. ಗೋಡೆಗೆ ಪ್ರಪಂಚದ ಭೂಪಟ ತೂಗುಹಾಕಿದ್ದರು. ಜಪಾನನ್ನು ತೋರಿಸಿದರು, ಆಮೇಲೆ ಅಮೆರಿಕವನ್ನು ತೋರಿಸಿದರು. ಬೋರ್ಡಿನ ಮೇಲೆ ‘1941 ಡಿಸೆಂಬರ್ 7, ಪರ್ಲ್ ಹಾರ್ಬರ್’ ಎಂದು ಬರೆದರು. ನಾನು ಎದ್ದು ನಿಂತು, “ಸಾರ್, ಅಷ್ಟು ಚಿಕ್ಕ ದೇಶ ಅಷ್ಟು ದೊಡ್ಡ ದೇಶದ ಮೇಲೆ ಹೋಗಿ ಯಾಕೆ ಬಿತ್ತು? ಸೋಲ್ತೀವಿ ಅಂತ ಅವರಿಗೆ ಗೊತ್ತಿರಲಿಲ್ವಾ?” ಎಂದು ಕೇಳಿದೆ. ಹುಡುಗರು ನಕ್ಕರು. ಮೇಷ್ಟ್ರು ನಗಲಿಲ್ಲ. “ಅದು ಪುಸ್ತಕದಲ್ಲಿ ಇಲ್ಲ ಕಣೋ. ಪರೀಕ್ಷೆಗೂ ಬರೋದಿಲ್ಲ. ದೊಡ್ಡವನಾದ ಮೇಲೆ ಓದಿ ತಿಳಕೊಂಡು ನನಗೂ ಬಂದು ಹೇಳು” ಅಂದರು.

ಓದು ಮುಗಿಸಿ, ಕೆಲಸ ಸಿಕ್ಕಿ, ಆ ಕೆಲಸದ ಮೇಲೆಯೇ ಎರಡು ವರ್ಷ ಜಪಾನಿನಲ್ಲಿರುವ ಅವಕಾಶ ಬಂತು. ವಾರದ ಕೊನೆಯ ರಜೆಯಲ್ಲಿ ವಸ್ತುಸಂಗ್ರಹಾಲಯಗಳನ್ನು ಸುತ್ತಿದೆ, ಸಿಕ್ಕಷ್ಟು ಓದಿದೆ. ಮೇಷ್ಟ್ರ ಪ್ರಶ್ನೆಗೆ (ಈಗ ಅದು ಅವರದೇ ಪ್ರಶ್ನೆ ಅನ್ನಿಸಿಬಿಟ್ಟಿದೆ) ಸಿಕ್ಕ ಉತ್ತರ ನಾನು ಎಣಿಸಿದ್ದಕ್ಕಿಂತ ವಿಚಿತ್ರವಾಗಿತ್ತು. ಗೊತ್ತಿತ್ತು. ಸೋಲುತ್ತೇವೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಲೆಕ್ಕ ಹಾಕಿ, ಕಾಗದದ ಮೇಲೆ ಬರೆದು, ಮಂತ್ರಿಗಳ ಎದುರಿಗೆ ಓದಿಯೂ ಆಗಿತ್ತು.

1941ರ ಏಪ್ರಿಲ್‌ನಲ್ಲಿ ಟೋಕಿಯೊದಲ್ಲಿ ‘ಸಮಗ್ರ ಯುದ್ಧ ಸಂಶೋಧನಾ ಸಂಸ್ಥೆ’ ಎಂಬ ಸರ್ಕಾರಿ ಸಂಸ್ಥೆಗೆ ಮೂವತ್ತೈದರ ಆಸುಪಾಸಿನ ಸಂಖ್ಯೆಯ ಯುವಕರನ್ನು ಆರಿಸಿ ಕರೆಸಿಕೊಂಡರು. ಬೇರೆ ಬೇರೆ ಇಲಾಖೆಗಳ ಅಧಿಕಾರಿಗಳು, ಭೂಸೇನೆ ಮತ್ತು ನೌಕಾಸೇನೆಯವರು, ಜೊತೆಗೆ ಬ್ಯಾಂಕು, ಹಡಗು ಕಂಪನಿ, ಪತ್ರಿಕೆಯಂಥ ಖಾಸಗಿ ವಲಯದವರು. ಸರಾಸರಿ ವಯಸ್ಸು ಮೂವತ್ತಮೂರು, ಅಂದರೆ ನನ್ನ ಓರಗೆಯವರು. ಬೇಸಿಗೆಯಲ್ಲಿ ಅವರಿಗೆ ಒಂದು ಕೆಲಸ ಕೊಟ್ಟರು. ನಿಮ್ಮಲ್ಲೇ ಒಂದು ಅಣಕು ಮಂತ್ರಿಮಂಡಲ ಮಾಡಿಕೊಳ್ಳಿ, ಒಬ್ಬ ಪ್ರಧಾನಿಯಾಗಿ, ಒಬ್ಬ ಹಣಕಾಸು ಮಂತ್ರಿಯಾಗಿ, ಅಮೆರಿಕದ ಜೊತೆ ಯುದ್ಧ ಮಾಡಿದರೆ ಏನಾಗುತ್ತದೆಂದು ಲೆಕ್ಕ ಹಾಕಿ. ನಮ್ಮ ಶಾಲಾ ಸಂಸತ್ತಿನ ಹಾಗೆಯೇ, ಆದರೆ ಅವರ ಕೈಗೆ ತಂತಮ್ಮ ಇಲಾಖೆಯ ನಿಜವಾದ ಅಂಕಿಗಳು ಬರುತ್ತಿದ್ದವು.

ಅವರು ಹಾಕಿದ ಲೆಕ್ಕ ಹಡಗಿನ ಲೆಕ್ಕ. ದಕ್ಷಿಣದ ಡಚ್ ಈಸ್ಟ್ ಇಂಡೀಸ್‌ನಲ್ಲಿ (ಇಂದಿನ ಇಂಡೋನೇಷ್ಯಾ) ಎಣ್ಣೆಬಾವಿಗಳಿವೆ, ಅವನ್ನು ಹಿಡಿಯಬಹುದು, ಸರಿ. ಆ ಎಣ್ಣೆಯನ್ನು ಸಾವಿರಾರು ಮೈಲಿ ಸಮುದ್ರ ದಾಟಿಸಿ ಜಪಾನಿಗೆ ತರಬೇಕಲ್ಲ? ತರುವ ಹಡಗುಗಳನ್ನು ಶತ್ರು ಮುಳುಗಿಸುತ್ತಾನೆ. ತಿಂಗಳಿಗೆ ಸುಮಾರು 1 ಲಕ್ಷ ಟನ್ ಹಡಗು ಮುಳುಗುತ್ತದೆ, ನಾವು ಹೊಸದಾಗಿ ಕಟ್ಟಬಲ್ಲದ್ದು ಅದರ ಅರ್ಧ. ಕೂಡಿ ಕಳೆದು ನೋಡಿದರು. ಮೊದಲ ಕೆಲವು ಯುದ್ಧ ಗೆಲ್ಲುತ್ತೇವೆ, ಆಮೇಲೆ ಯುದ್ಧ ಎಳೆದುಕೊಂಡು ಹೋಗುತ್ತದೆ, ದೇಶದ ಶಕ್ತಿ ಬರಿದಾಗುತ್ತದೆ, ಕೊನೆಗೆ ಸೋವಿಯತ್ ಒಕ್ಕೂಟವೂ ನಮ್ಮ ಮೇಲೆ ಬೀಳುತ್ತದೆ, ಸೋಲುತ್ತೇವೆ. ಅಣುಬಾಂಬೊಂದನ್ನು ಬಿಟ್ಟರೆ ಮುಂದಿನ ನಾಲ್ಕು ವರ್ಷದ ಕಥೆಯನ್ನು ಆ ಹುಡುಗರು ಹೆಚ್ಚು ಕಡಿಮೆ ಹಾಗೆಯೇ ಬರೆದಿಟ್ಟರು.

1941ರ ಆಗಸ್ಟ್ 27 ಮತ್ತು 28ರಂದು ಪ್ರಧಾನಿಯ ಅಧಿಕೃತ ನಿವಾಸದಲ್ಲಿ ಇದನ್ನು ಮಂಡಿಸಿದರು. ಪ್ರಧಾನಿ ಕೊನೊಯೆ ಇದ್ದರು, ಯುದ್ಧಮಂತ್ರಿ ಜನರಲ್ ಹಿಡೆಕಿ ಟೋಜೊ ಇದ್ದರು. ಟೋಜೊ ಶ್ರದ್ಧೆಯಿಂದ ಟಿಪ್ಪಣಿ ಬರೆದುಕೊಂಡರಂತೆ. ಎಲ್ಲ ಕೇಳಿದ ಮೇಲೆ ಅವರು ಹೇಳಿದ್ದರ ಸಾರಾಂಶ ಇಷ್ಟು: ನಿಮ್ಮ ಶ್ರಮ ಮೆಚ್ಚತಕ್ಕದ್ದು, ಆದರೆ ಇದು ಮೇಜಿನ ಮೇಲಿನ ಲೆಕ್ಕ, ಯುದ್ಧ ಹೀಗೆ ನಡೆಯುವುದಿಲ್ಲ. ರಷ್ಯಾದ ಮೇಲೆ ಯುದ್ಧಕ್ಕೆ ಹೋದಾಗಲೂ ಗೆಲ್ಲುತ್ತೇವೆಂದು ಯಾರೂ ಅಂದುಕೊಂಡಿರಲಿಲ್ಲ, ಆದರೂ ಗೆದ್ದೆವು. ಈ ವಿಷಯ ಹೊರಗೆ ಹೋಗುವುದು ಬೇಡ.

ರಷ್ಯಾದ ಮಾತು ಬಂದದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಬೇಕು. 1868ರ ಮೇಜಿ ಪುನರುತ್ಥಾನದ ನಂತರ ಜಪಾನ್ ಒಂದೇ ತಲೆಮಾರಿನಲ್ಲಿ ರೈಲು, ಕಾರ್ಖಾನೆ, ಶಾಲೆ, ಆಧುನಿಕ ಸೈನ್ಯ ಎಲ್ಲವನ್ನೂ ಕಟ್ಟಿಕೊಂಡಿತು. 1895ರಲ್ಲಿ ಚೀನಾವನ್ನು ಸೋಲಿಸಿ ತೈವಾನನ್ನು ಪಡೆಯಿತು, 1904–05ರಲ್ಲಿ ರಷ್ಯಾವನ್ನು ಸೋಲಿಸಿತು, 1910ರಲ್ಲಿ ಕೊರಿಯಾವನ್ನು ನುಂಗಿತು. ರಷ್ಯಾದ ಮೇಲಿನ ಗೆಲುವನ್ನು ನಮ್ಮ ದೇಶದವರೂ ಸಂಭ್ರಮಿಸಿದರು, ಬಿಳಿಯರನ್ನು ಏಷ್ಯಾದವರು ಸೋಲಿಸಬಹುದೆಂದು ಗೊತ್ತಾಯಿತಲ್ಲ ಎಂದು. ಆದರೆ ಗೆಲುವೂ ಒಂದು ರೋಗವಾಗಬಹುದು. ಗೆದ್ದವನಿಗೆ ತಾನು ಅದೃಷ್ಟದಿಂದ ಪಾರಾದ ಕ್ಷಣಗಳು ಮರೆತುಹೋಗುತ್ತವೆ.

1931ರ ಸೆಪ್ಟೆಂಬರ್ 18ರ ರಾತ್ರಿ ಮಂಚೂರಿಯಾದ ಮುಕ್ಡೆನ್ ಬಳಿ ಜಪಾನಿ ಒಡೆತನದ ರೈಲುಹಳಿಯ ಮೇಲೆ ಸಣ್ಣ ಸ್ಫೋಟವಾಯಿತು. ಮಾಡಿದವರು ಅಲ್ಲಿದ್ದ ಜಪಾನಿ ಸೈನ್ಯದ ಅಧಿಕಾರಿಗಳೇ. ಹಳಿಗೆ ಆದ ಹಾನಿ ಎಷ್ಟು ಕಡಿಮೆಯೆಂದರೆ, ಸ್ವಲ್ಪ ಹೊತ್ತಿನಲ್ಲೇ ಅದೇ ಹಳಿಯ ಮೇಲೆ ರೈಲೊಂದು ಹಾದುಹೋಯಿತು. ಇದನ್ನು ಚೀನಿಯರ ತಲೆಗೆ ಕಟ್ಟಿ ಇಡೀ ಮಂಚೂರಿಯಾವನ್ನು ಹಿಡಿದರು. ಟೋಕಿಯೊದ ಸರ್ಕಾರ ಇದಕ್ಕೆ ಅಪ್ಪಣೆ ಕೊಟ್ಟಿರಲಿಲ್ಲ, ಆದರೆ ಅಪ್ಪಣೆಯಿಲ್ಲದೆ ಮಾಡಿದವರಿಗೆ ಶಿಕ್ಷೆಯನ್ನೂ ಕೊಡಲಿಲ್ಲ. ರಾಷ್ಟ್ರಸಂಘ ಖಂಡಿಸಿದಾಗ 1933ರಲ್ಲಿ ಜಪಾನಿನ ಪ್ರತಿನಿಧಿಗಳು ಸಭೆಯಿಂದಲೇ ಎದ್ದು ಹೊರಟರು.

ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇಲ್ಲಿದೆ, ಪರ್ಲ್ ಹಾರ್ಬರಿನಲ್ಲಿ ಅಲ್ಲ. ಸೈನ್ಯ ಮುಂದೆ ಓಡುತ್ತದೆ, ಸರ್ಕಾರ ಹಿಂದಿನಿಂದ ಸಹಿ ಹಾಕುತ್ತಾ ಹೋಗುತ್ತದೆ. ಬೇಡ ಎಂದವರ ಗತಿ ಏನಾಯಿತು? 1932ರ ಮೇ 15ರಂದು ಪ್ರಧಾನಿ ಇನುಕಾಯಿ ಅವರನ್ನು ನೌಕಾಸೇನೆಯ ತರುಣ ಅಧಿಕಾರಿಗಳು ಅವರ ನಿವಾಸದಲ್ಲೇ ಗುಂಡಿಟ್ಟು ಕೊಂದರು. 1936ರ ಫೆಬ್ರವರಿ 26ರಂದು ದಂಗೆಯೆದ್ದ ಸೈನಿಕರು ಹಣಕಾಸು ಮಂತ್ರಿ ತಕಹಾಶಿಯವರನ್ನು ಕೊಂದರು. ಸೈನ್ಯದ ಖರ್ಚಿಗೆ ಕಡಿವಾಣ ಹಾಕಲು ಹೊರಟದ್ದೇ ಆ ಮುದುಕರ ತಪ್ಪು. ಇದಾದ ಮೇಲೆ ಮಂತ್ರಿಗಳು ಮಾತನಾಡುವ ಮುನ್ನ ಬಾಗಿಲ ಕಡೆ ನೋಡುವುದನ್ನು ಕಲಿತಿದ್ದರೆ ಆಶ್ಚರ್ಯವೇನು?

1937ರ ಜುಲೈ 7ರಂದು ಬೀಜಿಂಗ್ ಬಳಿಯ ಮಾರ್ಕೊ ಪೋಲೊ ಸೇತುವೆಯ ಹತ್ತಿರ ಚಕಮಕಿ ನಡೆದು ಚೀನಾದ ಜೊತೆ ಪೂರ್ಣ ಯುದ್ಧ ಶುರುವಾಯಿತು. ಅಲ್ಲಿ ಜಪಾನಿ ರೆಜಿಮೆಂಟಿನ ಮುಖ್ಯಸ್ಥನಾಗಿದ್ದವನು ರೆನ್ಯಾ ಮುಟಗುಚಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಭಾರತದ ಗಡಿಯಲ್ಲಿ ಈತ ಮತ್ತೆ ಸಿಗುತ್ತಾನೆ. ಆ ಡಿಸೆಂಬರಿನಲ್ಲಿ ರಾಜಧಾನಿ ನಾನ್‌ಜಿಂಗ್ ಬಿತ್ತು. ಅಲ್ಲಿ ಶರಣಾದ ಸೈನಿಕರನ್ನೂ ಸಾಮಾನ್ಯ ಜನರನ್ನೂ ವಾರಗಟ್ಟಲೆ ಕೊಂದರು, ಹೆಂಗಸರ ಮೇಲೆ ಲೆಕ್ಕವಿಲ್ಲದಷ್ಟು ಅತ್ಯಾಚಾರಗಳಾದವು. ಹದಿಹರೆಯದ ಮಕ್ಕಳು ಓದುವ ಸಂಚಿಕೆಯೆಂದು ವಿವರ ಬರೆಯುವುದಿಲ್ಲ, ಆದರೆ ಬರೆಯದೆ ದಾಟಿಹೋಗುವುದೂ ಸರಿಯಲ್ಲ. ನಾನು ಜಪಾನಿನಲ್ಲಿ ಕಂಡ ಜನ ಸಜ್ಜನರು, ಬಿದ್ದ ಪರ್ಸನ್ನು ಓಡಿಬಂದು ಕೈಗಿಡುವವರು. ಅವರ ಅಜ್ಜಂದಿರು ಇದನ್ನು ಮಾಡಿದ್ದರೆಂಬುದನ್ನು ಜೀರ್ಣಿಸಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ರಾಜಧಾನಿ ಬಿದ್ದರೂ ಚೀನಾ ಸೋಲಲಿಲ್ಲ. ಚಿಯಾಂಗ್ ಕೈ-ಶೆಕ್ ಒಳನಾಡಿಗೆ ಸರಿದು ಹೋರಾಟ ಮುಂದುವರಿಸಿದರು. 1941ರ ಹೊತ್ತಿಗೆ ಜಪಾನಿನ ಲಕ್ಷಕ್ಕೂ ಹೆಚ್ಚು ಸೈನಿಕರು ಅಲ್ಲಿ ಸತ್ತಿದ್ದರು. ಸೈನ್ಯವನ್ನು ಹಿಂದಕ್ಕೆ ಕರೆಸಿಕೊಳ್ಳಿ ಎಂದು ಅಮೆರಿಕ ಹೇಳಿದಾಗ ಟೋಜೊ ಒಪ್ಪಲಿಲ್ಲ, ಸತ್ತವರ ಬಲಿದಾನ ವ್ಯರ್ಥವಾಗುತ್ತದೆ ಎಂಬುದು ಅವರ ವಾದ. ಮೂರು ಬೋರ್‌ವೆಲ್ ಕೊರೆಸಿ ನೀರು ಬಾರದೆ, ಹಾಕಿದ ದುಡ್ಡು ಹಾಳಾಗಬಾರದೆಂದು ನಾಲ್ಕನೆಯದಕ್ಕೆ ಜಮೀನು ಅಡವಿಟ್ಟವರು ನಮ್ಮೂರಿನಲ್ಲೂ ಇದ್ದಾರೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಪಾನಿನ ನಾಲ್ಕನೇ ಬೋರ್‌ವೆಲ್ ಎಂದರೆ ಎಣ್ಣೆ. ಆಗ ಜಪಾನ್ ಬಳಸುತ್ತಿದ್ದ ಎಣ್ಣೆಯಲ್ಲಿ ಸುಮಾರು ಶೇ. 80 ಅಮೆರಿಕದಿಂದಲೇ ಬರುತ್ತಿತ್ತು. ಯಾರ ಜೊತೆ ಜಗಳವೋ ಅವರ ಅಂಗಡಿಯಿಂದಲೇ ದಿನಸಿ! 1940ರ ಸೆಪ್ಟೆಂಬರಿನಲ್ಲಿ ಜಪಾನ್ ಫ್ರೆಂಚರ ಇಂಡೋಚೀನಾದ ಉತ್ತರ ಭಾಗಕ್ಕೆ ನುಗ್ಗಿ, ಜರ್ಮನಿ ಮತ್ತು ಇಟಲಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಅಮೆರಿಕ ಗುಜರಿ ಕಬ್ಬಿಣ ನಿಲ್ಲಿಸಿತು. 1941ರ ಜುಲೈನಲ್ಲಿ ದಕ್ಷಿಣ ಭಾಗಕ್ಕೂ ಕಾಲಿಟ್ಟಾಗ ಜಪಾನಿನ ಆಸ್ತಿಯನ್ನು ತಡೆಹಿಡಿದು ಆಗಸ್ಟ್ ಒಂದರಿಂದ ಎಣ್ಣೆಯನ್ನೂ ಬಂದ್ ಮಾಡಿತು. ದಾಸ್ತಾನು ದಿನದಿನಕ್ಕೆ ಕರಗತೊಡಗಿತು. ವರ್ಷದ ಕೊನೆಗೆ ಉಳಿದದ್ದು ಸುಮಾರು 84 ಲಕ್ಷ ಕಿಲೋಲೀಟರ್, ಯುದ್ಧ ಮಾಡಿದರೆ ಎರಡು ವರ್ಷಕ್ಕೆ ಸಾಲದು. ‘ಈಗ ಹೊಡೆಯದಿದ್ದರೆ ಮುಂದೆ ಹೊಡೆಯಲೂ ಆಗುವುದಿಲ್ಲ’ ಎಂಬ ತರ್ಕ ಹುಟ್ಟಿದ್ದು ಹೀಗೆ. ನೌಕಾಸೇನಾ ಮುಖ್ಯಸ್ಥ ನಗಾನೊ, ದೇಶವನ್ನು ಶಸ್ತ್ರಚಿಕಿತ್ಸೆ ಬೇಕಾದ ರೋಗಿಗೆ ಹೋಲಿಸಿದರು. ಅಪಾಯವಿದೆ, ಆದರೆ ಬಿಟ್ಟರೂ ಸಾವು ಎಂಬಂತೆ.

ಸೆಪ್ಟೆಂಬರ್ 5ರಂದು ಚಕ್ರವರ್ತಿ ಹಿರೊಹಿತೊ ಭೂಸೇನಾ ಮುಖ್ಯಸ್ಥ ಸುಗಿಯಾಮನನ್ನು ಕರೆಸಿ ದಕ್ಷಿಣದ ಯುದ್ಧಕ್ಕೆ ಎಷ್ಟು ಕಾಲ ಬೇಕು ಎಂದು ಕೇಳಿದರು. ಮೂರು ತಿಂಗಳು ಎಂಬ ಉತ್ತರ ಬಂತು. ಚೀನಾದ ಯುದ್ಧ ಒಂದೇ ತಿಂಗಳಲ್ಲಿ ಮುಗಿಯುತ್ತದೆ ಎಂದಿದ್ದೆಯಲ್ಲ, ನಾಲ್ಕು ವರ್ಷವಾಯಿತು ಎಂದರು ಚಕ್ರವರ್ತಿ. ಚೀನಾದ ಒಳನಾಡು ವಿಶಾಲ ಎಂದು ಆತ ಸಮಜಾಯಿಷಿ ಕೊಟ್ಟಾಗ, ಪೆಸಿಫಿಕ್ ಅದಕ್ಕಿಂತ ವಿಶಾಲ ಅಲ್ಲವೇ ಎಂದು ಕೇಳಿದರಂತೆ. ಸುಗಿಯಾಮ ತಲೆತಗ್ಗಿಸಿ ನಿಂತ. ಇದನ್ನು ಓದಿದಾಗ ಇನ್ನೇನು ಯುದ್ಧ ನಿಂತಿತು ಎಂದು ನನಗನ್ನಿಸಿತ್ತು, ಮುಂದಿನದು ಗೊತ್ತಿದ್ದರೂ. ಆದರೆ ಮರುದಿನದ ಸಭೆ ಯುದ್ಧದ ಸಿದ್ಧತೆಗೆ ಒಪ್ಪಿಗೆ ಕೊಟ್ಟಿತು. ಅಕ್ಟೋಬರಿನಲ್ಲಿ ಕೊನೊಯೆ ತಮ್ಮ ಮನೆಯಲ್ಲೇ ಮಂತ್ರಿಗಳ ಸಭೆ ಕರೆದರು. ಅಮೆರಿಕದ ಮೇಲೆ ಗೆಲ್ಲಲು ಆಗುವುದಿಲ್ಲ ಎಂದು ನೌಕಾಮಂತ್ರಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ತೀರ್ಮಾನ ಪ್ರಧಾನಿಯವರಿಗೆ ಬಿಟ್ಟದ್ದು ಎಂದುಬಿಟ್ಟರು. ಆ ವಾರವೇ ಕೊನೊಯೆ ರಾಜೀನಾಮೆ ಕೊಟ್ಟರು, ಟೋಜೊ ಪ್ರಧಾನಿಯಾದರು.

ಪರ್ಲ್ ಹಾರ್ಬರ್ ದಾಳಿಯ ಯೋಜನೆ ಹಾಕಿದ ಅಡ್ಮಿರಲ್ ಯಮಮೊಟೊ ಅಮೆರಿಕದಲ್ಲಿ ಓದಿದ್ದವರು, ಅಲ್ಲಿನ ಎಣ್ಣೆ, ಕಾರ್ಖಾನೆಗಳನ್ನು ಕಣ್ಣಾರೆ ಕಂಡವರು. ಮೊದಲ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ ಅಬ್ಬರಿಸಿ ತೋರಿಸಬಲ್ಲೆ, ಎರಡು ಮೂರು ವರ್ಷ ಎಳೆದರೆ ನನಗೆ ಭರವಸೆಯಿಲ್ಲ ಎಂಬರ್ಥದ ಮಾತನ್ನು 1940ರಲ್ಲೇ ಕೊನೊಯೆಗೆ ಹೇಳಿದ್ದರು. ಹೇಳಿದವರೇ ದಾಳಿಯ ನಕ್ಷೆಯನ್ನೂ ಬರೆದರು.

ಅಬ್ಬರ ನಿಜವಾಗಿಯೂ ಆರು ತಿಂಗಳೇ ನಡೆಯಿತು. ಡಿಸೆಂಬರ್ 7ರ ಭಾನುವಾರ ಬೆಳಿಗ್ಗೆ ಪರ್ಲ್ ಹಾರ್ಬರಿನಲ್ಲಿ 2,403 ಅಮೆರಿಕನ್ನರು ಸತ್ತರು, ಯುದ್ಧನೌಕೆಗಳು ಮುಳುಗಿದವು. ಆದರೆ ವಿಮಾನವಾಹಕ ನೌಕೆಗಳು ಆ ದಿನ ಬಂದರಿನಲ್ಲಿರಲಿಲ್ಲ, ಎಣ್ಣೆಯ ದೊಡ್ಡ ಟ್ಯಾಂಕುಗಳ ಮೇಲೆ ಬಾಂಬು ಬೀಳಲಿಲ್ಲ. ಎಣ್ಣೆಗಾಗಿ ಯುದ್ಧಕ್ಕೆ ಹೊರಟವರು ಶತ್ರುವಿನ ಎಣ್ಣೆಯನ್ನೇ ಬಿಟ್ಟು ಬಂದರು! ಹಾಂಗ್‌ಕಾಂಗ್, ಮಲಯ, ಫಿಲಿಪ್ಪೀನ್ಸ್, ಜಾವಾ, ಬರ್ಮಾ ಸಾಲಾಗಿ ಬಿದ್ದವು. 1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಜನರಲ್ ಯಮಶಿಟನ ಸೈನ್ಯಕ್ಕೆ ಅದರ ಎರಡು ಪಟ್ಟಿಗೂ ಹೆಚ್ಚಿದ್ದ ಬ್ರಿಟಿಷ್ ಪಡೆ ಶರಣಾಯಿತು. ಶರಣಾದವರಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ಭಾರತೀಯರು. ಮುಂದೆ ಆಜಾದ್ ಹಿಂದ್ ಫೌಜ್ ರೂಪುಗೊಂಡದ್ದು ಇವರಲ್ಲಿ ಹಲವರು ಸೇರಿ.

ಯುದ್ಧ ನಮ್ಮ ಬಾಗಿಲಿಗೂ ಬಂತು. ಮಾರ್ಚಿನಲ್ಲಿ ಅಂಡಮಾನ್ ಜಪಾನಿನ ಕೈಗೆ ಹೋಯಿತು. ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಬಿತ್ತು. ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಶುರು ಮಾಡಿದ್ದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸರ್ಕಾರ ವಹಿಸಿಕೊಂಡಿತು. 1943ರಿಂದ ಅದು ಅಮೆರಿಕದ ವಾಯುಪಡೆಯ ಉಸ್ತುವಾರಿಯಲ್ಲಿ ಯುದ್ಧವಿಮಾನಗಳ ದುರಸ್ತಿ ಕೇಂದ್ರವಾಯಿತು. ಇಂದಿನ ಎಚ್‌ಎಎಲ್ ಅದೇ. ನಾನು ದಿನಾ ಆಫೀಸಿಗೆ ಹೋಗುವುದು ಅದರ ಕಾಂಪೌಂಡಿನ ಪಕ್ಕದಲ್ಲೇ. ಬರ್ಮಾದ ಅಕ್ಕಿ ನಿಂತದ್ದು 1943ರ ಬಂಗಾಳದ ಕ್ಷಾಮಕ್ಕೆ ಒಂದು ಕಾರಣ, ಬ್ರಿಟಿಷರ ನೀತಿಗಳು ಇನ್ನೊಂದು. ಆ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ.

ಜಪಾನ್ ಏಷ್ಯಾವನ್ನು ಬಿಡುಗಡೆ ಮಾಡಲು ಬಂದಿತ್ತಲ್ಲವೇ ಎಂದು ಈಗಲೂ ಕೇಳುವವರಿದ್ದಾರೆ. ನೇತಾಜಿಯವರ ದೇಶಪ್ರೇಮದ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಸಯಾಮ್–ಬರ್ಮಾ ರೈಲುಹಾದಿ ಕಟ್ಟಲು ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳನ್ನು ಕೇಳಬೇಕು. ಆ ಹಾದಿಯಲ್ಲಿ ಏಷ್ಯಾದ ಕೂಲಿಗಳೇ ಹತ್ತಾರು ಸಾವಿರ ಮಂದಿ ಸತ್ತರು. ಅಂಡಮಾನಿನಲ್ಲಿ 1944ರ ಜನವರಿ 30ರಂದು ಗೂಢಚಾರರೆಂಬ ಆರೋಪ ಹೊರಿಸಿ 44 ಮಂದಿ ಭಾರತೀಯರನ್ನು ಗುಂಡಿಟ್ಟು ಕೊಂದರು.

1942ರ ಜೂನ್‌ನಲ್ಲಿ ಯಮಮೊಟೊ ಹೇಳಿದ ಆರು ತಿಂಗಳು ಮುಗಿದವು. ಮಿಡ್‌ವೇ ಎಂಬ ಪುಟ್ಟ ದ್ವೀಪವನ್ನು ಹಿಡಿಯಲು ಜಪಾನ್ ಹೊರಟಿತು. ಅಮೆರಿಕದ ಸಂಕೇತಲಿಪಿ ತಜ್ಞರು ಜಪಾನಿನ ಸಂದೇಶಗಳನ್ನು ಓದತೊಡಗಿದ್ದರು, ಆದರೆ ದಾಳಿಯಾಗುವ ‘ಎಎಫ್’ ಎಂಬ ಜಾಗ ಯಾವುದೆಂದು ಖಚಿತವಾಗಬೇಕಿತ್ತು. ಮಿಡ್‌ವೇಯಲ್ಲಿ ಕುಡಿಯುವ ನೀರಿನ ಯಂತ್ರ ಕೆಟ್ಟಿದೆ ಎಂದು ಬೇಕೆಂದೇ ಬಹಿರಂಗವಾಗಿ ಸುದ್ದಿ ಕಳಿಸಿದರು. ಸ್ವಲ್ಪದರಲ್ಲೇ ‘ಎಎಫ್‌ನಲ್ಲಿ ನೀರಿಗೆ ತೊಂದರೆ’ ಎಂದು ಜಪಾನಿ ಸಂದೇಶ ಹೋಯಿತು. ನನ್ನ ಕಸುಬಿನವರಿಗೆ ಇಂಥ ಕಥೆ ಎಷ್ಟು ಸಲ ಕೇಳಿದರೂ ಬೇಸರವಾಗುವುದಿಲ್ಲ.

ಆದರೆ ಮಿಡ್‌ವೇಯ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಹೊರಡುವ ಮುನ್ನ ಜಪಾನಿ ಅಧಿಕಾರಿಗಳು ಮೇಜಿನ ಮೇಲೆ ಆ ಯುದ್ಧವನ್ನು ಆಡಿ ನೋಡಿದ್ದರು. ದಾಳ ಹಾಕಿದಾಗ ಶತ್ರುವಿಮಾನಗಳ ಒಂಬತ್ತು ಬಾಂಬು ತಗಲಿ ‘ಅಕಾಗಿ’, ‘ಕಾಗಾ’ ಎಂಬ ಎರಡು ವಿಮಾನವಾಹಕಗಳು ಮುಳುಗಿದವು. ಆಟದ ಮೇಲ್ವಿಚಾರಕನಾಗಿದ್ದ ಅಡ್ಮಿರಲ್ ಉಗಾಕಿ, ಒಂಬತ್ತಲ್ಲ ಮೂರು ಎಂದು ತಿದ್ದಿದ. ಮುಳುಗಿದ ಹಡಗು ಮತ್ತೆ ತೇಲಿತು. ಇದನ್ನು ಅಲ್ಲಿದ್ದ ಅಧಿಕಾರಿಗಳೇ ಯುದ್ಧದ ನಂತರ ಬರೆದಿದ್ದಾರೆ. ಜೂನ್ 4ರಂದು ನಿಜವಾದ ಯುದ್ಧದಲ್ಲಿ ಅಕಾಗಿ, ಕಾಗಾ ಎರಡಕ್ಕೂ ಬಾಂಬು ತಗಲಿತು, ಜೊತೆಗೆ ‘ಸೊರ್ಯು’, ‘ಹಿರ್ಯು’ ಕೂಡ ಹೋದವು. ನಾಲ್ಕು ವಿಮಾನವಾಹಕಗಳು! ಅಮೆರಿಕ ಕಳೆದುಕೊಂಡದ್ದು ಒಂದು. ಜಪಾನಿನ ಜನರಿಗೆ ಒಂದು ಹಡಗು ಮುಳುಗಿ ಇನ್ನೊಂದಕ್ಕೆ ಪೆಟ್ಟಾಗಿದೆ ಎಂದಷ್ಟೇ ಪ್ರಕಟಿಸಿದರು. ಗಾಯಾಳುಗಳು ಬಾಯಿಬಿಡಬಾರದೆಂದು ಅವರನ್ನು ಆಸ್ಪತ್ರೆಯಲ್ಲಿ ಬೇರೆಯಾಗಿ ಇರಿಸಿದರು.

ಅಲ್ಲಿಂದ ಮುಂದೆ ಭಾಷೆಯೂ ಕೆಟ್ಟಿತು. ಗ್ವಾಡಲ್‌ಕೆನಾಲ್ ದ್ವೀಪದಲ್ಲಿ 1942ರ ಆಗಸ್ಟಿನಿಂದ 1943ರ ಫೆಬ್ರವರಿವರೆಗೆ 20 ಸಾವಿರಕ್ಕೂ ಹೆಚ್ಚು ಜಪಾನಿ ಸೈನಿಕರು ಸತ್ತರು, ಬಹುಪಾಲು ಹಸಿವು ಮತ್ತು ರೋಗದಿಂದ. ಉಳಿದವರನ್ನು ರಾತ್ರೋರಾತ್ರಿ ಹಡಗಿಗೆ ಹತ್ತಿಸಿಕೊಂಡು ಬಂದದ್ದನ್ನು ‘ಹಿಮ್ಮೆಟ್ಟಿದೆವು’ ಎನ್ನದೆ ‘ದಿಕ್ಕು ಬದಲಿಸಿ ಮುನ್ನಡೆದೆವು’ ಎಂಬರ್ಥದ ‘ಟೆನ್‌ಶಿನ್’ ಎಂಬ ಪದ ಬಳಸಿ ಪ್ರಕಟಿಸಿದರು.

ಹಡಗಿನ ಲೆಕ್ಕವೂ ಆ ಹುಡುಗರು ಹೇಳಿದ ಹಾದಿಯನ್ನೇ ಹಿಡಿಯಿತು, ಇನ್ನೂ ಕೆಟ್ಟದಾಗಿ. 1943ರಲ್ಲಿ ಸುಮಾರು 18 ಲಕ್ಷ ಟನ್ ಸರಕು ಹಡಗು ಮುಳುಗಿತು, 1944ರಲ್ಲಿ 35 ಲಕ್ಷ ಟನ್ ದಾಟಿತು. ಸುಮಾತ್ರಾದ ಎಣ್ಣೆಬಾವಿಗಳು ಕೈಯಲ್ಲೇ ಇದ್ದವು, ಎಣ್ಣೆ ಬರುತ್ತಲೂ ಇತ್ತು. ಊರಿಗೆ ತಲುಪುತ್ತಿರಲಿಲ್ಲ. ಯುದ್ಧದ ಅವಧಿಯಲ್ಲಿ ಅಮೆರಿಕ ಎಸ್ಸೆಕ್ಸ್ ಮಾದರಿಯ ದೊಡ್ಡ ವಿಮಾನವಾಹಕಗಳನ್ನೇ ಹದಿನೇಳು ಸೇವೆಗೆ ಇಳಿಸಿತು.

ಇನ್ನು ಮುಟಗುಚಿ. 1944ರ ಮಾರ್ಚಿನಲ್ಲಿ ಈತ ಮೂರು ಡಿವಿಜನ್ ಸೈನ್ಯದೊಡನೆ ಬರ್ಮಾದಿಂದ ಚಿಂದ್ವಿನ್ ನದಿ ದಾಟಿ, ಕಾಡು ಬೆಟ್ಟ ಹತ್ತಿ ಇಂಫಾಲ, ಕೊಹಿಮಾಗಳಿಗೆ ಬಂದ. ಕೈಯಲ್ಲಿ ಸುಮಾರು ಮೂರು ವಾರದ ಆಹಾರ. ಸಾಮಾನು ಹೊರಲು ದನಗಳು, ಆಮೇಲೆ ಅವನ್ನೇ ಕಡಿದು ತಿನ್ನುವುದು, ಮುಂದಿನದಕ್ಕೆ ಇಂಫಾಲದ ಬ್ರಿಟಿಷ್ ಉಗ್ರಾಣ ಹಿಡಿಯುವುದು ಎಂಬ ಯೋಜನೆ. ದನಗಳಲ್ಲಿ ಬಹಳಷ್ಟು ನದಿಯಲ್ಲೂ ಬೆಟ್ಟದ ದಾರಿಯಲ್ಲೂ ಸತ್ತವು. ದನ ಸಾಕಿದ ನಮ್ಮೂರಿನ ಯಾರನ್ನು ಕೇಳಿದ್ದರೂ ಅದು ಆಗುವ ಕೆಲಸವಲ್ಲ ಎನ್ನುತ್ತಿದ್ದರು. ಸಾಮಗ್ರಿ ಸಾಗಿಸಲು ಆಗುವುದಿಲ್ಲ ಎಂದು ಮೊದಲೇ ಹೇಳಿದ್ದ ಅವನ ಸ್ವಂತ ಸಿಬ್ಬಂದಿ ಮುಖ್ಯಸ್ಥನನ್ನು ಎತ್ತಂಗಡಿ ಮಾಡಿದ್ದರು.

ಕೊಹಿಮಾದ ಯುದ್ಧ ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಅಂಗಳದ ಆಚೆ ಈಚೆ ವಾರಗಟ್ಟಲೆ ನಡೆಯಿತು. ಮೇ ಕೊನೆಗೆ ಮಳೆ ಹಿಡಿಯಿತು, ಅನ್ನವಿಲ್ಲ, ಗುಂಡಿಲ್ಲ. ಕೊಹಿಮಾದಲ್ಲಿದ್ದ ಡಿವಿಜನ್ನಿನ ಜನರಲ್ ಸಾಟೊ ಅಪ್ಪಣೆಯಿಲ್ಲದೆ ತನ್ನ ಸೈನಿಕರನ್ನು ಹಿಂದಕ್ಕೆ ಕರೆದುಕೊಂಡು ಹೊರಟ. ಆತನನ್ನು ಕೋರ್ಟ್ ಮಾರ್ಷಲ್ ಮಾಡಿದರೆ ಸತ್ಯವೆಲ್ಲ ಹೊರಬರುತ್ತಿತ್ತು, ಹಾಗಾಗಿ ತಲೆ ಸರಿಯಿಲ್ಲ ಎಂದು ಬರೆದು ಕೈತೊಳೆದುಕೊಂಡರು. ಜೂನ್ ಮೊದಲ ವಾರ ಮುಟಗುಚಿಯನ್ನು ನೋಡಲು ಮೇಲಧಿಕಾರಿ ಕವಬೆ ಬಂದ. ಯುದ್ಧ ಕೈಮೀರಿದೆಯೆಂದು ಇಬ್ಬರಿಗೂ ಗೊತ್ತಿತ್ತು. ನಿಲ್ಲಿಸೋಣ ಎಂಬ ಮಾತು ಮುಟಗುಚಿಯ ಗಂಟಲವರೆಗೆ ಬಂದಿತ್ತಂತೆ, ನನ್ನ ಮುಖ ನೋಡಿ ಅವನೇ ಅರ್ಥ ಮಾಡಿಕೊಳ್ಳಲಿ ಎಂದು ಸುಮ್ಮನಿದ್ದನಂತೆ. ಹಾಗೆಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಕವಬೆಯೂ ಕೇಳಲಿಲ್ಲ. ಹಿಂದಿರುಗುವ ಆಜ್ಞೆ ಬಂದದ್ದು ಜುಲೈನಲ್ಲಿ. ಆ ನಡುವಿನ ಒಂದು ತಿಂಗಳ ಮಳೆಯಲ್ಲಿ ಎಷ್ಟು ಜನ ಸತ್ತರೋ! ಒಟ್ಟು ದಂಡಯಾತ್ರೆಯಲ್ಲಿ ಸತ್ತ ಜಪಾನಿಯರು ಸುಮಾರು 30 ಸಾವಿರ. ಬರ್ಮಾಕ್ಕೆ ಹಿಂದಿರುಗಿದ ದಾರಿಯನ್ನು ಬದುಕಿ ಬಂದವರು ‘ಬಿಳಿ ಮೂಳೆಗಳ ಹೆದ್ದಾರಿ’ ಎಂದು ಕರೆದರು.

ಇಲ್ಲಿ ನನ್ನದೊಂದು ಮಾತು ಹೇಳಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಪ್ರಾಜೆಕ್ಟು ಹೇಳಿದ ದಿನಕ್ಕೆ ಮುಗಿಯುವುದಿಲ್ಲವೆಂದು ನನ್ನ ಲ್ಯಾಪ್‌ಟಾಪಿನಲ್ಲಿದ್ದ ಅಂಕಿಗಳು ಹೇಳುತ್ತಿದ್ದವು. ಮೀಟಿಂಗಿನಲ್ಲಿ ಮೇಲಿನವರು ಒಬ್ಬೊಬ್ಬರನ್ನೇ ಕೇಳಿದರು, “ನಿಮ್ಮ ಕಡೆಯಿಂದ ಓಕೆನಾ?” ನನ್ನ ಸರದಿ ಬಂದಾಗ ಓಕೆ ಎಂದೆ. ಎದುರಿಗೆ ಕೂತಿದ್ದ ಇನ್ನೊಬ್ಬರ ಮುಖ ನೋಡಿದೆ, ಅವರಿಗೂ ಗೊತ್ತಿತ್ತು, ಅವರೂ ಓಕೆ ಎಂದರು. ಮುಂದಿನ ಎರಡು ತಿಂಗಳು ನನ್ನ ಕೈಕೆಳಗಿನ ಹುಡುಗರು ನಿದ್ದೆಗೆಟ್ಟರು. ಒಬ್ಬಳು ಆಸ್ಪತ್ರೆ ಸೇರಿ ಆಮೇಲೆ ಕೆಲಸವನ್ನೇ ಬಿಟ್ಟಳು. ಯಾರೂ ಸಾಯಲಿಲ್ಲ, ಅದನ್ನು ಯುದ್ಧಕ್ಕೆ ಹೋಲಿಸುವುದು ತಪ್ಪು. ಆದರೆ ಕವಬೆ, ಮುಟಗುಚಿ ಎದುರುಬದುರು ಕೂತ ಆ ಕೋಣೆಯನ್ನು ಓದಿದಾಗ ನನಗೆ ಅಪರಿಚಿತವೆನ್ನಿಸಲಿಲ್ಲ.

ಬರ್ಮಾದ ಇನ್ನೊಂದು ಬದಿಯಲ್ಲಿ, ಅರಕಾನ್ ತೀರದಲ್ಲಿ, ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಜಪಾನಿಯರ ಎದುರು ಬೆಟಾಲಿಯನ್ ನಡೆಸಿದರು, 1945ರಲ್ಲಿ ಬ್ರಿಗೇಡಿನ ಮುಖ್ಯಸ್ಥರಾದರು. ಮುಂದೆ ಸ್ವತಂತ್ರ ಭಾರತದ ಭೂಸೇನಾ ಮುಖ್ಯಸ್ಥರಾದವರು ಇವರೇ.

ಉಳಿದದ್ದು ಬೇಗ ಮುಗಿಯುತ್ತದೆ. 1944ರ ಜುಲೈನಲ್ಲಿ ಸೈಪಾನ್ ಬಿದ್ದು ಟೋಜೊ ಅಧಿಕಾರ ಬಿಟ್ಟರು. ಆ ದ್ವೀಪಗಳಿಂದ ಅಮೆರಿಕದ ಬಿ-29 ವಿಮಾನಗಳು ಜಪಾನಿಗೆ ಹಾರಿ ಹಿಂದಿರುಗಬಹುದಿತ್ತು. 1945ರ ಮಾರ್ಚ್ 9–10ರ ಒಂದೇ ರಾತ್ರಿ ಟೋಕಿಯೊದಲ್ಲಿ ಬೆಂಕಿಬಾಂಬಿಗೆ ಸುಮಾರು 1 ಲಕ್ಷ ಜನ ಸತ್ತರು. ಎಣ್ಣೆ ಮುಗಿದೇ ಹೋಗಿತ್ತು. ಶಾಲೆಯ ಮಕ್ಕಳನ್ನು ಗುಡ್ಡಕ್ಕೆ ಕಳಿಸಿ ಪೈನ್ ಮರದ ಬೇರು ಅಗೆಸಿದರು, ಅದನ್ನು ಕಾಯಿಸಿ ವಿಮಾನದ ಎಣ್ಣೆ ತೆಗೆಯುವುದಕ್ಕೆ. ಇನ್ನೂರು ಬೇರು ಅಗೆದರೆ ಒಂದು ವಿಮಾನ ಒಂದು ಗಂಟೆ ಹಾರುತ್ತದೆ ಎಂಬುದು ಆಗಿನ ಘೋಷಣೆ. 84 ಲಕ್ಷ ಕಿಲೋಲೀಟರಿನಿಂದ ಶುರುವಾದ ಲೆಕ್ಕ ಮಕ್ಕಳ ಕೈಯ ಗುದ್ದಲಿಗೆ ಬಂದು ನಿಂತಿತು.

ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಹಿರೋಷಿಮಾ, 9ರಂದು ನಾಗಸಾಕಿ. ವರ್ಷದ ಕೊನೆಯೊಳಗೆ ಹಿರೋಷಿಮಾದಲ್ಲಿ ಸುಮಾರು 1.4 ಲಕ್ಷ, ನಾಗಸಾಕಿಯಲ್ಲಿ ಸುಮಾರು 70 ಸಾವಿರ ಜನ ಸತ್ತರು. ಎರಡು ಬಾಂಬುಗಳ ನಡುವೆ ಸೋವಿಯತ್ ಒಕ್ಕೂಟವೂ ಯುದ್ಧ ಸಾರಿತು, ಆ ಅಣಕು ಮಂತ್ರಿಮಂಡಲ ಹೇಳಿದ್ದ ಹಾಗೆಯೇ. ಅಷ್ಟಾದರೂ ಯುದ್ಧ ಮಂಡಳಿಯ ಆರು ಮಂದಿಯಲ್ಲಿ ಮೂವರು ಒಂದು ಕಡೆ, ಮೂವರು ಒಂದು ಕಡೆ! ಕೊನೆಗೆ ಚಕ್ರವರ್ತಿಯೇ ತೀರ್ಮಾನ ಹೇಳಬೇಕಾಯಿತು. ಆಗಸ್ಟ್ 15ರಂದು ರೇಡಿಯೋದಲ್ಲಿ ಅವರ ಧ್ವನಿಯನ್ನು ಜನ ಮೊದಲ ಬಾರಿಗೆ ಕೇಳಿದರು. ಭಾಷಣದಲ್ಲಿ ‘ಸೋಲು’ ಎಂಬ ಪದವಿರಲಿಲ್ಲ. ಹಳೆಯ ಆಸ್ಥಾನದ ಭಾಷೆ ಅರ್ಥವಾಗದೆ ಎಷ್ಟೋ ಜನ ಪಕ್ಕದವರನ್ನು ಏನಂದರು ಎಂದು ಕೇಳಿದರಂತೆ. ಸೆಪ್ಟೆಂಬರ್ 2ರಂದು ‘ಮಿಸೌರಿ’ ಹಡಗಿನ ಮೇಲೆ ಸಹಿ ಬಿತ್ತು. ಜಪಾನಿನವರೇ ಸುಮಾರು 31 ಲಕ್ಷ ಜನ ಸತ್ತಿದ್ದರು, ಚೀನಾದಲ್ಲಿ ಸತ್ತವರು ಅದರ ಹಲವು ಪಟ್ಟು.

ನಾನು ಹಿರೋಷಿಮಾಕ್ಕೆ ಒಮ್ಮೆ ಹೋಗಿದ್ದೆ. ಎಲ್ಲರೂ ನೋಡುವ ಗುಮ್ಮಟವನ್ನೂ ವಸ್ತುಸಂಗ್ರಹಾಲಯವನ್ನೂ ನೋಡಿ, ಸ್ವಲ್ಪ ದೂರ ನಡೆದು ಫುಕುರೊಮಾಚಿ ಎಂಬ ಪ್ರಾಥಮಿಕ ಶಾಲೆಗೆ ಹೋದೆ. ಬಾಂಬು ಸಿಡಿದ ಜಾಗದಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಶಾಲೆಯ ಕಾಂಕ್ರೀಟ್ ಕಟ್ಟಡದ ಗೋಡೆಗಳು ಮಾತ್ರ ಉಳಿದವು, ಒಳಗೆಲ್ಲ ಸುಟ್ಟು ಮಸಿಯಾಯಿತು. ಅದನ್ನೇ ಗಾಯಾಳುಗಳ ಆರೈಕೆಗೆ ಬಳಸಿದರು. ಮಕ್ಕಳನ್ನು ಹುಡುಕಿಕೊಂಡು ಬಂದ ತಂದೆತಾಯಿಗಳು, ಬದುಕಿದ್ದ ಮೇಷ್ಟ್ರುಗಳು ಆ ಕಪ್ಪು ಗೋಡೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆದರು, ಇಂಥವರು ಎಲ್ಲಿದ್ದಾರೆ, ಕಂಡರೆ ಇಲ್ಲಿಗೆ ತಿಳಿಸಿ ಎಂದು. ಮುಂದೆ ಗೋಡೆಗೆ ಗಾರೆ ಹಚ್ಚಿದ್ದರಿಂದ ಬರಹ ಒಳಗೇ ಉಳಿದುಬಿಟ್ಟಿತ್ತು. ಐವತ್ತಕ್ಕೂ ಹೆಚ್ಚು ವರ್ಷದ ನಂತರ ಕಟ್ಟಡ ಕೆಡವಲು ಹೋದಾಗ ಹೊರಬಂತು. ಈಗ ಅದನ್ನು ಹಾಗೆಯೇ ಕಾಪಾಡಿದ್ದಾರೆ. ಹಿರೋಷಿಮಾದಲ್ಲಿ ಆ ಬೆಳಿಗ್ಗೆ ಬೆಂಕಿ ಹರಡದಂತೆ ಮನೆಗಳನ್ನು ಕೆಡವುವ ಕೆಲಸಕ್ಕೆ ಪ್ರೌಢಶಾಲೆಯ ವಯಸ್ಸಿನ ಮಕ್ಕಳನ್ನು ಕಳಿಸಿದ್ದರು. ಅವರಲ್ಲಿ ಸುಮಾರು 6 ಸಾವಿರ ಮಕ್ಕಳು ಸತ್ತರು.

ಗೋಡೆಯ ಮುಂದೆ ನಿಂತಾಗ ನನಗೆ ನಮ್ಮ ತರಗತಿಯ ಬೋರ್ಡು ನೆನಪಾಯಿತು, ಪಾಠ ಮುಗಿದ ಮೇಲೆ ಡಸ್ಟರಿನಿಂದ ನಾನೇ ಒರೆಸಿದ ‘1941 ಡಿಸೆಂಬರ್ 7’.

ಮೇಷ್ಟ್ರೇ, ಉತ್ತರ ತಡವಾಯಿತು, ಉದ್ದವೂ ಆಯಿತು. ಐದು ಅಂಕಕ್ಕೆ ಇಷ್ಟು ಬರೆದಿದ್ದರೆ ನೀವೇ ಬೈಯುತ್ತಿದ್ದಿರಿ. ನೀವು ಸಮಾರಂಭಕ್ಕೆ ಬರುತ್ತೀರೆಂದು ಸಮಿತಿಯವರು ಹೇಳಿದ್ದಾರೆ. ಆ ಗೋಡೆಯ ಬರಹದ ಪೋಸ್ಟ್‌ಕಾರ್ಡೊಂದನ್ನು ನಿಮಗಾಗಿ ತಂದಿಟ್ಟಿದ್ದೇನೆ.